ಶ್ರೀಶೈಲದ ದಾರಿ, ಬೀಜದ ಕೋಣೆ

ಆ ಕಾಲಕ್ಕೆ ಶಿಕಾರಿಪುರದಲ್ಲಿ ಮೋಟಾರ್ ಸೈಕಲ್ ಇಟ್ಟುಕೊಂಡವರು ಬೆರಳೆಣಿಕೆಯ ಮಂದಿ. ಅವರಲ್ಲಿ ಅದನ್ನು ಸ್ವತಃ ಬಿಚ್ಚಿ ಮತ್ತೆ ಜೋಡಿಸಬಲ್ಲವನು ನಾನೊಬ್ಬನೇ. ಜಂಬಕ್ಕೆ ಹೇಳುತ್ತಿಲ್ಲ, ಜಂಬಕ್ಕೂ ಹೇಳುತ್ತಿದ್ದೇನೆ ಅನ್ನಿ, ತೊಂದರೆಯಿಲ್ಲ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿ ಅದು. ಯಾರ್‍ಯಾರದೋ ಕೈ ದಾಟಿ, ದಾವಣಗೆರೆಯ ಒಂದು ಗಿರಣಿಯ ಹಿತ್ತಲಲ್ಲಿ ಕೋಳಿಗಳು ಮಲಗುವ ಜಾಗವಾಗಿದ್ದಾಗ ನಾನು ಕೊಂಡುಕೊಂಡೆ. ಎತ್ತಿನ ಗಾಡಿಯ ಮೇಲೆ ಅದು ಮನೆಗೆ ಬಂದ ದಿನ ಅಪ್ಪ ಕಬ್ಬಿಣದ ಅಂಗಡಿಯ ಗಲ್ಲಾ ಬಿಟ್ಟು ಎದ್ದು ಬಂದರು. ಸುತ್ತ ಒಂದು ಸಲ ತಿರುಗಿ ನೋಡಿ, "ಇದು ನಿನ್ನ ಹೊರತೈತೋ, ಇದನ್ನ ನೀನು ಹೊರಬೇಕೋ?" ಅಂದರು. ಮುಂದಿನ ಬೇಸಿಗೆಯೊಳಗೆ ಅದು ನನ್ನನ್ನು ಹೊತ್ತು ಹೊನ್ನಾಳಿಗೆ ಹೋಗಿ ಬಂತು.

ನನಗೊಬ್ಬಳು ಅಕ್ಕ. ಅವಳನ್ನು ಶಿರಾಳಕೊಪ್ಪ ದಾಟಿ ಸೊರಬದ ದಾರಿಯಲ್ಲಿ ಸಿಗುವ ಒಂದು ಹಳ್ಳಿಗೆ ಕೊಟ್ಟಿತ್ತು. ಭತ್ತ ಬೆಳೆಯುವ ದೊಡ್ಡ ಮನೆ, ಉಣ್ಣಲು ಉಡಲು ಕೊರತೆಯಿಲ್ಲ. ಮೊದಲ ಬಾಣಂತನಕ್ಕೆ ತವರಿಗೆ ಬಂದಳು, ಮಗು ಉಳಿಯಲಿಲ್ಲ. ಎರಡನೆಯ ಸಲ ಅವಳ ಅತ್ತೆ, "ಆ ಮನೆ ನಮಗೆ ಆಗಿ ಬರ್ಲಿಲ್ಲ" ಎಂದು ಕಳಿಸಲೇ ಇಲ್ಲ. ಅಲ್ಲಿಯೇ ಹೆರಿಗೆಯಾಯಿತು, ಆ ಕೂಸೂ ಹೋಯಿತು. ಆ ಸಲ ಅಕ್ಕ ಉಳಿದದ್ದೇ ಹೆಚ್ಚು. ಈಗ ಮೂರನೆಯದು ಹೊಟ್ಟೆಯಲ್ಲಿತ್ತು. ಅತ್ತೆ ಈ ಸಲವೂ ಹೊಸಿಲು ದಾಟಿಸುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದರು. ಭಾವ ಒಳ್ಳೆಯವರು, ಆದರೆ ತಾಯಿಯ ಮುಂದೆ ಅವರ ಬಾಯಿ ಊಟಕ್ಕೆ ಮಾತ್ರ ತೆರೆಯುತ್ತಿತ್ತು.

ಒಂದೇ ಒಂದು ಒಳ್ಳೆಯ ಸಂಗತಿಯೆಂದರೆ, ಆ ವರ್ಷ ಸರ್ಕಾರದವರು ಆ ಹಳ್ಳಿಗಳಿಗೆಲ್ಲ ಸೇರಿಸಿ ಹೆರಿಗೆ ಮಾಡಿಸುವ ನರ್ಸೊಬ್ಬರನ್ನು ಹಾಕಿದ್ದರು. ಕರಾವಳಿಯ ಕಡೆಯವರು, ಬೇರೆ ಧರ್ಮದವರು, ಇನ್ನೂ ಚಿಕ್ಕ ವಯಸ್ಸು. ಕೈಯಲ್ಲೊಂದು ಕರಿಯ ಚೀಲ. ನಡೆದರೆ ಗಂಡಸರೂ ಹಿಂದೆ ಬೀಳಬೇಕು. ಆದರೆ ಅಕ್ಕನ ಊರಿನಲ್ಲಾಗಲಿ ಅಕ್ಕಪಕ್ಕದಲ್ಲಾಗಲಿ ಅವರಿಗೆ ಯಾರೂ ಮನೆ ಕೊಡಲಿಲ್ಲ. ಯಾಕೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಅವರು ಸೊರಬದಲ್ಲಿ ಉಳಿದುಕೊಂಡು ಬಸ್ಸಿನಲ್ಲಿ ಬಂದು, ಬಸ್ಸಿನಲ್ಲಿಯೇ ವಾಪಸ್ಸು ಹೋಗಬೇಕಿತ್ತು. ಹೆರಿಗೆ ನೋವು ಬಸ್ಸಿನ ವೇಳೆ ನೋಡಿಕೊಂಡು ಬರುತ್ತದೆಯೇ? ಯುಗಾದಿಯೊಳಗೆ ಊರವರು ಒಂದು ಮನೆ ಮಾಡಿಕೊಡದಿದ್ದರೆ ನರ್ಸನ್ನು ಬೇರೆ ಕಡೆಗೆ ಹಾಕುತ್ತೇವೆ ಎಂದು ಮೇಲಿನವರು ಹೇಳಿ ಕಳಿಸಿದರು. ಅಕ್ಕನ ದಿನ ತುಂಬುವುದು ಯುಗಾದಿ ಕಳೆದ ಮೇಲೆ.

ಈ ಸುದ್ದಿ ಕೇಳಿದ ದಿನ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎರಡು ಕೋಣೆಯ ಒಂದು ಮನೆ ಕಟ್ಟುವುದು ಏನು ಮಹಾ? ನಾನೇ ದುಡ್ಡು ಎತ್ತಿ ಕಟ್ಟಿಸುತ್ತೇನೆ ಎಂದು ಸೀದಾ ನನ್ನ ಗೆಳೆಯನ ಹತ್ತಿರ ಹೋದೆ. ಅವನು ಊರಿನ ಶಾಲೆಯಲ್ಲಿ ಮೇಷ್ಟ್ರು, ದಿನಪತ್ರಿಕೆಯನ್ನು ಮೊದಲ ಪುಟದಿಂದ ಮುದ್ರಕರ ಹೆಸರಿನವರೆಗೂ ಓದುವ ಆಸಾಮಿ. ಯಾವುದೋ ಪರದೇಶದಲ್ಲಿ ಒಬ್ಬ ಆಸ್ಪತ್ರೆಗೋಸ್ಕರ ಮೋಟಾರ್ ಸೈಕಲ್ ಮೇಲೆ ದೇಶ ಸುತ್ತಿದ, ಜನ ಅವನಿಗೆ ಒಂದೊಂದು ಮೈಲಿಗೆ ಇಷ್ಟು ದುಡ್ಡು ಅಂತ ಕೊಟ್ಟರು ಎಂದು ಎಲ್ಲಿಯೋ ಓದಿದ್ದನ್ನು ಅವನೇ ಹೇಳಿದ. ಅವನ ಮಾತು ಮುಗಿಯುವುದರೊಳಗೆ ನಾನು ಮನಸ್ಸಿನಲ್ಲಿ ಹರಿಹರದ ಸೇತುವೆ ದಾಟಿದ್ದೆ.

ಮೊದಲು ಬೊಂಬಾಯಿಗೆ ಹೋಗುವುದು ಎಂದು ತೀರ್ಮಾನವಾಯಿತು. ಪೇಟೆಯಲ್ಲಿ ಹೋಗಿ ಹೇಳಿದೆವು. ಒಬ್ಬ ಬಟ್ಟೆ ವ್ಯಾಪಾರಿ ತಾಳ್ಮೆಯಿಂದ ಪೂರ್ತಿ ಕೇಳಿ, "ಅಲ್ರೀ, ತಿರುಗಾಡೋರು ನೀವು, ರೊಕ್ಕ ಕೊಡೋರು ನಾವು, ಮನಿ ನರ್ಸಮ್ಮಂದು. ಇದರಾಗ ಯಾರು ಯಾರಿಗೆ ಏನಾಗಬೇಕು, ಇನ್ನೊಂದ್ಸಲ ಹೇಳ್ರಿ" ಎಂದ. ಇನ್ನೊಂದು ಸಲ ಹೇಳಿದೆವು. "ಹಂಗಾದ್ರ ಬರ್ತಾ ಒಂದಿಷ್ಟು ಧೋತರ ತರ್ರಿ" ಎಂದ. ಇನ್ನೊಬ್ಬ, ನಾನು ತಿರುಗಾಡದೆ ಮನೆಯಲ್ಲಿಯೇ ಇರುವುದಾದರೆ ಬೇಕಾದರೆ ಕೊಡುತ್ತೇನೆ ಎಂದ. ನನ್ನ ಗಾಡಿಯ ಶಬ್ದ ಅವನ ಮನೆಯ ಎಮ್ಮೆಗೆ ಆಗುತ್ತಿರಲಿಲ್ಲವಂತೆ.

ಮೇಷ್ಟ್ರು ಸೋತು ಕೂತ. ನಾನು ಕೂರುವವನಲ್ಲ. ನಮ್ಮ ಜನಕ್ಕೆ ಬೊಂಬಾಯಿ ಬೇಕಿಲ್ಲ, ಅವರಿಗೆ ಬೇಕಾದ ಊರಿಗೆ ಹೋದರೆ ಕೊಡುತ್ತಾರೆ ಎಂದು ನನ್ನ ತಲೆಗೆ ಹೊಳೆಯಿತು. ನಮ್ಮ ಕಡೆಯವರು ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವುದು ಮೊದಲಿನಿಂದ ಬಂದದ್ದು. ತೊಗರ್ಸಿಯಲ್ಲಿರುವವನೂ ಮಲ್ಲಿಕಾರ್ಜುನ, ಶ್ರೀಶೈಲದಲ್ಲಿರುವವನೂ ಮಲ್ಲಿಕಾರ್ಜುನ. ಶ್ರೀಶೈಲಕ್ಕೆ ಮೋಟಾರ್ ಸೈಕಲ್ ಮೇಲೆ ಹೋಗುತ್ತೇನೆ ಎಂದರೆ ತೊಗರ್ಸಿಯಿಂದ ಬಂದಳಿಕೆಯವರೆಗೆ ಕೈ ಬಿಚ್ಚಿ ಕೊಡದವರು ಯಾರು? ಮೇಷ್ಟ್ರು ಎದ್ದು ನಿಂತು ನನ್ನ ಕೈ ಕುಲುಕಿದ. ನಾವಿಬ್ಬರೂ ಎಂಥ ಗುಂಡಿಗೆ ಕಾಲಿಡುತ್ತಿದ್ದೇವೆ ಎನ್ನುವುದು ಅಂಗಡಿಯ ಒಳಗೆ ಮೊಳೆ ತೂಗುತ್ತಿದ್ದ ನಮ್ಮಪ್ಪನಿಗೆ ಗೊತ್ತಾಗಿತ್ತೋ ಏನೋ, ಅವರು ಯಾಕೋ ಕೆಮ್ಮಿದರು.

ಆಮೇಲಿನ ದಿನಗಳೇ ದಿನಗಳು. ಶಾಲೆಯ ಗೋಡೆಯ ನಕಾಶೆಯನ್ನು ಮೇಷ್ಟ್ರು ಭಾನುವಾರ ಇಳಿಸಿ ತಂದು ನಮ್ಮ ಅಂಗಡಿಯ ಮಾಳಿಗೆಯ ಮೇಲೆ ಹಾಸುತ್ತಿದ್ದ. ಹೊಲಿಗೆ ದಾರ ಹಿಡಿದು ಅಳೆಯುತ್ತಿದ್ದ. ಹೊನ್ನಾಳಿ, ಹರಿಹರ, ದಾವಣಗೆರೆ, ಬಳ್ಳಾರಿ, ಆಮೇಲೆ ಆಂಧ್ರದ ಗಡಿ, ಕರ್ನೂಲು. ಅದರಾಚೆ ಕಾಡು; ಗಾಡಿ ಹೋದಷ್ಟು ದೂರ ಹೋಗುವುದು, ಉಳಿದದ್ದನ್ನು ಎಲ್ಲರ ಹಾಗೆ ನಡೆಯುವುದು. ಪೆಟ್ರೋಲ್ ಎಲ್ಲಿ ಸಿಗುತ್ತದೆ ಎಂದು ಲಾರಿ ಡ್ರೈವರ್‌ಗಳನ್ನು ಕೇಳಿದೆ. ಅವರು ಹೇಳಿದ್ದರಲ್ಲಿ ಅರ್ಧ ನಂಬಿ, ಎರಡು ಡಬ್ಬ ಕಟ್ಟಿಕೊಳ್ಳಲು ಹಿಂದಿನ ಚಕ್ರದ ಎರಡೂ ಪಕ್ಕ ಕಬ್ಬಿಣದ ಚೌಕಟ್ಟು ಬಡಿಸಿದೆ. ಚೈನಿನ ಕೊಂಡಿ, ಪ್ಲಗ್ಗು, ಟ್ಯೂಬು, ಪಂಕ್ಚರ್ ಹಾಕುವ ಸಾಮಾನು, ಒಂದು ಗಂಟು ಅವಲಕ್ಕಿ. ನಾನು ಏನನ್ನೂ ಮರೆತಿರಲಿಲ್ಲ. ಆ ಗಾಡಿ ಶ್ರೀಶೈಲದವರೆಗೆ ಹೋಗುತ್ತದೋ ಇಲ್ಲವೋ ಎಂಬ ಅನುಮಾನ ಊರಿಗೆಲ್ಲ ಇತ್ತು, ನನಗೆ ಒಂದು ಗಳಿಗೆಯೂ ಬರಲಿಲ್ಲ.

ದೇಣಿಗೆ ಎತ್ತಲು ಮೊದಲು ತೊಗರ್ಸಿಗೆ ಹೋದೆವು. ಬೀಗ ಹಾಕಿದ ಒಂದು ತಗಡಿನ ಡಬ್ಬಿ ಮೇಷ್ಟ್ರ ತೊಡೆಯ ಮೇಲಿತ್ತು. ಗುಡಿಯ ಜಗುಲಿಯ ಮೇಲೆ ನಿಂತು ನಾನು ಭಾಷಣ ಮಾಡಿದೆ. ಹಳ್ಳಿಯ ಹೆಣ್ಣುಮಕ್ಕಳು, ಹೆರಿಗೆ, ನರ್ಸಮ್ಮನ ಮನೆ, ಯಾವುದನ್ನೂ ಬಿಡಲಿಲ್ಲ. ಜನ ತಲೆದೂಗಿದರು, ಇಬ್ಬರು ಹೆಂಗಸರು ಕಣ್ಣೊರೆಸಿಕೊಂಡರು. ಮುಂದೆ ಕೂತಿದ್ದ ಒಬ್ಬ ಹಿರಿಯರು, "ಎಲ್ಲಿಗೆ ಹೊಂಟೀಯಪ್ಪ?" ಎಂದು ಕೇಳಿದರು.

"ಶ್ರೀಶೈಲಕ್ಕೆ."

ಅಷ್ಟೇ. ಹೆಂಗಸರು ದಡಬಡನೆ ಎದ್ದು ಮನೆಗಳಿಗೆ ಹೋದರು. ನಾನು ಮೇಷ್ಟ್ರ ಕಡೆ ನೋಡಿ ಕಣ್ಣು ಮಿಟುಕಿಸಿದೆ. ಆ ಹೆಂಗಸರು ತಿರುಗಿ ಬಂದಾಗ ಒಬ್ಬೊಬ್ಬರ ಕೈಯಲ್ಲಿಯೂ ಒಂದೊಂದು ಮುಡಿಪು.

ಮುಡಿಪು ಎಂದರೆ ನಮ್ಮಲ್ಲಿ ಹುಡುಗಾಟದ ಮಾತಲ್ಲ. ಎತ್ತು ಮಲಗಿದಾಗ, ಮಗನಿಗೆ ಜ್ವರ ಬಂದಾಗ, ದೇವರೇ ಕಾಪಾಡು ಎಂದು ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ಜಂತಿಗೆ ಸಿಕ್ಕಿಸಿದ್ದು ಅದು. ಕಟ್ಟಿದವರೂ ಅದನ್ನು ಬಿಚ್ಚುವಂತಿಲ್ಲ. ಯಾತ್ರೆಗೆ ಹೊರಟವನ ಕೈಗೆ ಅದನ್ನು ಕೊಟ್ಟರೆ ಅವನು ಒಲ್ಲೆ ಎನ್ನುವಂತಿಲ್ಲ, ದೇವರ ಮುಂದಲ್ಲದೆ ಬೇರೆಲ್ಲಿಯೂ ಇಳಿಸುವಂತಿಲ್ಲ. ಒಬ್ಬ ಮುದುಕಿ, "ಇದರಾಗಿರೋದು ಹಳೇ ಆಣೆ. ಈಗ ಹೊಸ ಪೈಸೆ ಬಂದಾವಲ್ಲ, ಸ್ವಾಮಿಗೆ ನಡೀತೈತೇನಪ್ಪ?" ಎಂದು ಕೇಳಿದಳು. ನಡೆಯುತ್ತದೆ ಎಂದು ಧೈರ್ಯ ಹೇಳಿದೆ. ದೇವರದು ಮೊದಲು ಬರಲಿ, ನಮ್ಮದು ಹಿಂದೆಯೇ ಬರುತ್ತದೆ ಎಂದುಕೊಂಡೆ.

ಹಿಂದೆ ಏನೂ ಬರಲಿಲ್ಲ. ಬಂದಳಿಕೆಯಲ್ಲಿ ಅದೇ ಕಥೆ, ಅಂಬ್ಲಿಗೊಳದ ಕಡೆ ಅದೇ ಕಥೆ. ಸುದ್ದಿ ನಮಗಿಂತ ಮುಂಚೆ ಓಡುತ್ತಿತ್ತು. ನಾನು ಭಾಷಣಕ್ಕೆ ಬಾಯಿ ತೆರೆಯುವ ಮೊದಲೇ ಜನ ಮುಡಿಪು ಹಿಡಿದು ನಿಂತಿರುತ್ತಿದ್ದರು. ಮುಡಿಪಿಗೆಂದು ಒಂದು ಗೋಣಿಚೀಲವೇ ಬೇಕಾಯಿತು. ಮೇಷ್ಟ್ರ ಡಬ್ಬಿಯನ್ನು ಅಲ್ಲಾಡಿಸಿದರೆ ಕೂಸಿನ ಗಿಲಕಿಯಷ್ಟೂ ಸದ್ದಿಲ್ಲ. ಜನ ಜಿಪುಣರೇನಲ್ಲ, ದೇವರಿಗೂ ಕೊಟ್ಟು ನರ್ಸಿಗೂ ಕೊಡುವುದು ಯಾಕೆ, ಎರಡೂ ಒಂದೇ ಪುಣ್ಯವಲ್ಲವೇ ಎಂದು ಅವರ ಲೆಕ್ಕ. ಈ ಶ್ರೀಶೈಲದ ಉಪಾಯ ಮಾಡಿದ ಬುದ್ಧಿವಂತ ನಾನೇ ಆದ್ದರಿಂದ ಬೈಯಲು ಯಾರೂ ಸಿಗಲಿಲ್ಲ. ಮೇಷ್ಟ್ರನ್ನು ಬೈದೆ.

ಕೊನೆಗೆ ಅಕ್ಕನ ಊರಿಗೆ ಹೋದೆ, ಒಬ್ಬನೇ. ಅಕ್ಕ ಹಿತ್ತಲಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಮುಖ ಊದಿಕೊಂಡಿತ್ತು, ಕಾಲು ಊದಿಕೊಂಡಿತ್ತು. ನಾನು ನಕಾಶೆ, ಕರ್ನೂಲು, ಪೆಟ್ರೋಲ್ ಡಬ್ಬದ ಚೌಕಟ್ಟು ಎಂದು ಹೇಳುತ್ತ ಹೋದೆ. ಈ ಸಲ ಆಗದಿದ್ದರೆ ಬಂದ ಮೇಲೆ ಇನ್ನೊಂದು ಯಾತ್ರೆ ಮಾಡುತ್ತೇನೆ, ಮನೆ ಕಟ್ಟಿಸಿಯೇ ತೀರುತ್ತೇನೆ ಎಂದೆ. ಅವಳು ಕೈಯ ಕೆಲಸ ನಿಲ್ಲಿಸಲಿಲ್ಲ.

"ನೀನು ಹೋಗಿ ಬಂದು, ಕಲ್ಲು ತರಿಸಿ, ಗೋಡಿ ಎಬ್ಬಿಸೋದ್ರಾಗ ನಂದು ಮುಗಿದಿರ್ತೈತಿ" ಅಂದಳು. ಇನ್ನೊಂದು ಹಣ್ಣು ಕೈಗೆತ್ತಿಕೊಂಡು, "ನಂಗ ಹೆದರಿಕಿ ಆಗೈತಿ. ನೀನು ಹೋಗೋ ಹೊತ್ನಾಗ ನಾನು ಇಲ್ಲಿ ಯಾರನ್ನ ಕರೀಲಿ?" ಅಂದಳು.

ಚಿಕ್ಕವನಿದ್ದಾಗ ನಾಯಿ ಬಂದರೆ ನನ್ನನ್ನು ಹಿಂದೆ ಹಾಕಿಕೊಂಡು ಮುಂದೆ ನಿಲ್ಲುತ್ತಿದ್ದವಳು ಅವಳು. ಅವಳ ಬಾಯಲ್ಲಿ ಹೆದರಿಕೆ ಎಂಬ ಮಾತನ್ನು ನಾನು ಅದೇ ಮೊದಲು ಕೇಳಿದ್ದು. ಎದ್ದು ಒಳಗೆ ಬಂದೆ.

ಪಡಸಾಲೆಯಲ್ಲಿ ಅಕ್ಕನ ಅತ್ತೆ ಕಾಯುತ್ತಿದ್ದರು. ಹಣೆಯ ತುಂಬ ವಿಭೂತಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡೂ ಕೈಯಲ್ಲಿ ಒಂದು ಮುಡಿಪು ಹಿಡಿದಿದ್ದರು. ನಾನು ಅದುವರೆಗೆ ಕಂಡದ್ದರಲ್ಲೆಲ್ಲ ದೊಡ್ಡದು. "ಸೊಸೆ ಮೊದಲ್ನೇ ಸಲ ಬಸುರಾದಾಗ ಕಟ್ಟಿದ್ದು, ತಮ್ಮಾ. ಎರಡನೇ ಸಲಕ್ಕೂ ಸೇರಿಸ್ದೆ, ಈಗಲೂ ಸೇರಿಸೀನಿ. ಈ ಸಲ ಒಂದು ಉಳಿಸಿಕೊಡಪ್ಪ ಅಂತ ಸ್ವಾಮಿ ಮುಂದೆ ಹೇಳ್ಬೇಕು" ಎಂದರು. ಆ ಗಟ್ಟಿ ಹೆಂಗಸು ಮುಡಿಪನ್ನು ಎದೆಗೊತ್ತಿಕೊಂಡರು. ಅವರೂ ಹೆದರಿದ್ದರು.

ಅವರ ಬೆನ್ನ ಹಿಂದೆ, ಪಡಸಾಲೆಯ ಕೊನೆಯಲ್ಲಿ ಒಂದು ಕೋಣೆಯಿತ್ತು. ಅದರ ಬಾಗಿಲು ಬೀದಿಗೆ ಬೇರೆಯೇ ತೆರೆಯುತ್ತಿತ್ತು. ಒಳಗೆ ಮುಂದಿನ ಬಿತ್ತನೆಯ ಬೀಜದ ಭತ್ತ. ಅಲ್ಲಿಗೆ ಅತ್ತೆಯ ಹೊರತು ಯಾರೂ ಕಾಲಿಡುತ್ತಿರಲಿಲ್ಲ. ನಾನು ಆ ಮನೆಗೆ ಎಷ್ಟು ಸಲ ಬಂದಿದ್ದೆ, ಎಷ್ಟು ಸಲ ಅದರ ಮುಂದೆ ಚಪ್ಪಲಿ ಬಿಟ್ಟಿದ್ದೆ! ಹೆಣ್ಣು ಕೊಟ್ಟ ಮನೆಯವರು ಬೀಗರಲ್ಲಿ ಏನನ್ನೂ ಕೇಳಬಾರದು, ಒಂದು ಲೋಟ ನೀರನ್ನೂ ಅವರಾಗಿಯೇ ಕೊಟ್ಟರೆ ಕುಡಿಯಬೇಕು. ಹಾಗೆ ಬೆಳೆಸಿದ್ದರು ನಮ್ಮನ್ನು. ಒಂದು ಕೋಣೆ ಕೇಳಲು ನಾಲಿಗೆ ಬಾರದೆ ನಾನು ಆಂಧ್ರದವರೆಗೆ ಹೊರಟು ನಿಂತಿದ್ದೆ!

ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಈಗಲೂ ಸರಿಯಾಗಿ ಹೇಳಲಾರೆ.

"ನಾನು ಒಯ್ಯೋದಿಲ್ಲ" ಎಂದೆ.

ಅತ್ತೆಗೆ ಅರ್ಥವೇ ಆಗಲಿಲ್ಲ. "ಏನಂದೆ?"

"ನಿಮ್ದಷ್ಟೇ ಅಲ್ಲ ಅತ್ತೀ, ಯಾರದ್ದೂ ಒಯ್ಯೋದಿಲ್ಲ. ಆ ಕೋಣಿ ಖಾಲಿ ಮಾಡಿ ನರ್ಸಮ್ಮಗ ಕೊಡ್ರಿ. ಅವರು ಒಳಗ ಹಾಲು ಉಕ್ಕಿಸಿದ ದಿನ ನಾನು ಗಾಡಿ ತೆಗೀತೀನಿ. ಅಲ್ಲೀತನಕ ಎಲ್ಲಾ ಮುಡಿಪೂ ನಮ್ಮ ಮನಿ ದೇವರ ಜಗಲಿ ಮ್ಯಾಲೆ ಇರ್ತಾವು."

ಭಾವ ಒಳಗಿನಿಂದ ಇಣುಕಿ ನೋಡಿ ಮತ್ತೆ ಮರೆಯಾದರು. ಅತ್ತೆಯ ಮುಖ ಕೆಂಪಾಯಿತು. "ದೇವರಿಗೆ ಕೊಟ್ಟಿದ್ದನ್ನ ಒಲ್ಲೆ ಅಂತೀಯ? ಅದು ಬೀಜ ಇಟ್ಟಿರೋ ಕೋಣೆ ಕಣೋ! ಯಾರ್‍ಯಾರನ್ನೋ ತಂದು ಅಲ್ಲಿ ಇಡೋಕಾಗ್ತದಾ? ಹೆಣ್ಣು ಕೊಟ್ಟೋರು ನೀವು, ನನ್ನ ಮನೆಯೊಳಗೆ ನಿಂತು ನನಗೇ ಹುಕುಂ ಮಾಡ್ತೀಯ?" ಎಂದರು.

"ಮಾಡ್ತೀನಿ" ಎಂದೆ. ಗಾಡಿಗೆ ಒದ್ದೆ, ಮೊದಲ ಒದೆತಕ್ಕೇ ಸ್ಟಾರ್ಟಾಯಿತು. ಅಂಥ ಹೊತ್ತಿನಲ್ಲಿ ಅದು ನನ್ನ ಮಾನ ತೆಗೆದದ್ದೇ ಇಲ್ಲ.

ಮನೆಗೆ ಬಂದು ಅಪ್ಪನಿಗೆ ಹೇಳಿದಾಗ ಅವರು ತಲೆಯ ಮೇಲೆ ಕೈ ಹೊತ್ತು ಕೂತರು. ಬೀಗರ ಜೊತೆ ಸಂಬಂಧ ಮುಗಿಯಿತು ಎಂದೇ ಅವರ ಲೆಕ್ಕ. ನಾನು ಮಾತ್ರ ಮಾರನೆಯ ದಿನವೇ ಮೇಷ್ಟ್ರನ್ನು ಹಿಂದೆ ಕೂರಿಸಿಕೊಂಡು ಮುಡಿಪು ಕೊಟ್ಟ ಊರುಗಳಿಗೆಲ್ಲ ಇನ್ನೊಂದು ಸುತ್ತು ಹೋದೆ. ಈ ಸಲ ಭಾಷಣವಿಲ್ಲ. ಇಂಥ ಊರಿನ ಇಂಥ ಮನೆಯಲ್ಲಿ ಒಂದು ಕೋಣೆ ಖಾಲಿಯಾಗುವ ತನಕ ನಿಮ್ಮ ಮುಡಿಪು ಹೊರಡುವುದಿಲ್ಲ ಎಂದಷ್ಟೇ ಹೇಳಿದೆ. ಕೆಲವರು ನನ್ನನ್ನು ಬೈದರು. ಬೈಯಲಿ ಬಿಡಿ.

ಶಿರಾಳಕೊಪ್ಪದ ಸಂತೆಗೆ ಅಕ್ಕನ ಅತ್ತೆ ಒಂದು ವಾರವೂ ತಪ್ಪಿಸುತ್ತಿರಲಿಲ್ಲ. ಆ ವಾರ ಹೋದಾಗ ಬದನೆಕಾಯಿ ಮಾರುವವಳು ತಕ್ಕಡಿ ಎತ್ತುವ ಮೊದಲು, "ಅಮ್ಮಾರೆ, ಕೋಣಿ ಖಾಲಿ ಆತೇನ್ರಿ? ನಮ್ಮ ಎತ್ತಿನ ಮುಡಿಪು ಕುಂತೈತಿ" ಎಂದು ಕೇಳಿದಳಂತೆ. ಬಳೆಗಾರ ಕೇಳಿದನಂತೆ. ಪರಿಚಯವೇ ಇಲ್ಲದ ತೊಗರ್ಸಿಯ ಮುದುಕಿಯೊಬ್ಬಳು ಕೈ ಹಿಡಿದು ನಿಲ್ಲಿಸಿ, "ನನ್ನ ಮೊಮ್ಮಗನ ಕಣ್ಣಿಂದು ತಾಯಿ, ನಾನು ಸಾಯೋದ್ರೊಳಗ ಮುಟ್ಟಲಿ" ಎಂದು ಅತ್ತಳಂತೆ. ಅರ್ಧ ಸಂತೆಗೇ ಅವರು ಬಸ್ಸು ಹತ್ತಿದರು. ಇದನ್ನೆಲ್ಲ ಆಮೇಲೆ ನನಗೆ ಹೇಳಿದ್ದು ಅಕ್ಕ, ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತ.

ಯುಗಾದಿ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ನಮ್ಮ ಅಂಗಡಿಯ ಮುಂದೆ ಬಸ್ಸಿನಿಂದ ಅತ್ತೆಯೇ ಇಳಿದರು. ಮೊದಲ ಮಗು ಹೋದ ಮೇಲೆ ಅವರು ನಮ್ಮ ಬೀದಿಗೆ ಕಾಲಿಟ್ಟಿರಲಿಲ್ಲ. ಅಪ್ಪ ಗಾಬರಿಯಿಂದ ತಕ್ಕಡಿ ಬಿಟ್ಟು ಎದ್ದರು, ಅಮ್ಮ ಕಾಲಿಗೆ ನೀರು ತಂದರು. ಅತ್ತೆ ಕೂರಲಿಲ್ಲ. ದೊಡ್ಡ ಮುಡಿಪನ್ನು ಸೆರಗಿನಿಂದ ತೆಗೆದು ನನ್ನ ಕಡೆ ಚಾಚಿದರು.

"ಬೀಜ ಅಟ್ಟಕ್ಕೆ ಹಾಕ್ಸೀನಿ. ಇವತ್ತು ಸಂಜೆಗೆ ಆಯಮ್ಮ ಬರ್ತಾಳೆ. ನೀನೇ ಬಂದು ಕಣ್ಣಾರೆ ನೋಡು, ಆಮೇಲೆ ಹೊರಡು. ನಿನ್ನ ಮಾತನ್ನ ನಂಬಬಹುದು, ನಿನ್ನ ಸಿಟ್ಟನ್ನ ನಂಬೋಕಾಗಲ್ಲ" ಎಂದರು.

ಹೋಗಿ ನೋಡಿದೆ. ಸುಣ್ಣ ಬಳಿದ ಕೋಣೆಯಲ್ಲಿ ಇನ್ನೂ ಭತ್ತದ ವಾಸನೆಯಿತ್ತು. ನರ್ಸಮ್ಮ ಒಲೆ ಹಚ್ಚಿ ಹಾಲು ಉಕ್ಕಿಸಿದರು. ಮೊದಲ ಲೋಟವನ್ನು ಅತ್ತೆಯ ಮುಂದೆ ಹಿಡಿದರು. ಅತ್ತೆ ತೆಗೆದುಕೊಂಡರು, ಕುಡಿಯಲಿಲ್ಲ, ಕೆಳಗೂ ಇಡಲಿಲ್ಲ. ಎಲ್ಲರೂ ಆ ಲೋಟವನ್ನೇ ನೋಡುತ್ತ ನಿಂತಿದ್ದೆವು. ಎರಡನೆಯ ಸುತ್ತಿನಲ್ಲಿ ಮೇಷ್ಟ್ರ ಡಬ್ಬಿಗೆ ಬಿದ್ದಿದ್ದ ಚಿಲ್ಲರೆಗೆ ಒಂದು ಲಾಟೀನು ಬಂದಿತ್ತು, ಅದನ್ನು ಬಾಗಿಲ ಹತ್ತಿರ ಮೊಳೆಗೆ ತೂಗುಹಾಕಿ ನಾನು ಹೊರಟೆ.

ದಾರಿಯ ಕಥೆಯನ್ನು ಬೆಳೆಸುವುದಿಲ್ಲ. ಬಳ್ಳಾರಿಯ ಬಿಸಿಲಿನಲ್ಲಿ ಟ್ಯೂಬು ಒಡೆಯಿತು, ಕರ್ನೂಲಿನ ಈಚೆ ಚೈನು ಹರಿಯಿತು, ಎರಡನ್ನೂ ರಸ್ತೆಯ ಪಕ್ಕ ಕೂತು ಸರಿ ಮಾಡಿಕೊಂಡೆ. ಕಾಡಿನ ಅಂಚಿನಲ್ಲಿ ಗಾಡಿ ಬಿಟ್ಟು ಗೋಣಿಚೀಲ ಹೆಗಲಿಗೇರಿಸಿ, ನಮ್ಮ ಕಡೆಯಿಂದ ನಡೆದು ಬಂದಿದ್ದ ಜನರ ಜೊತೆ ಬೆಟ್ಟ ಹತ್ತಿದೆ. ಸ್ವಾಮಿಯ ಮುಂದೆ ಎಲ್ಲರ ಮುಡಿಪನ್ನೂ ಸುರಿದೆ. ಅತ್ತೆಯದನ್ನು ಕೊನೆಗೆ ಇಟ್ಟು, ಅವರು ಹೇಳಿಕೊಟ್ಟಿದ್ದ ಮಾತನ್ನು ಹೇಳಿದೆ. ಅಷ್ಟು ದಿನ ಗಾಡಿಯ ಬಗ್ಗೆ ಒಂದು ಚೂರೂ ಅನುಮಾನ ಪಡದವನು ಅಲ್ಲಿ ನಿಂತಾಗ ಅಕ್ಕನ ಊದಿದ ಮುಖ ನೆನಪಾಗಿ ಮಗುವಿನ ಹಾಗೆ ಅತ್ತುಬಿಟ್ಟೆ.

ವಾಪಸ್ಸು ಬರುವಾಗ ಶಿಕಾರಿಪುರದಲ್ಲಿ ನಿಲ್ಲಲಿಲ್ಲ. ಅಂಗಡಿಯ ಮುಂದೆ ಅಪ್ಪ ಏನೋ ಕೂಗಿ ಹೇಳಿದರು, ಎಂಜಿನ್ ಸದ್ದಿನಲ್ಲಿ ಕೇಳಲಿಲ್ಲ. ನಿಂತು ಕೇಳುವ ಧೈರ್ಯವೂ ಇರಲಿಲ್ಲ. ಅಕ್ಕನ ಊರಿನ ತಿರುವಿಗೆ ಬಂದಾಗ, ಬಂದೆ ಎಂದು ಅವಳಿಗೆ ಗೊತ್ತಾಗಲಿ ಎಂದು ಆಕ್ಸಿಲರೇಟರನ್ನು ಜೋರಾಗಿ ತಿರುಗಿಸಿದೆ. ಊರಿನ ನಾಯಿಗಳೆಲ್ಲ ಎದ್ದವು.

ಬೀಜದ ಕೋಣೆಯ ಮೆಟ್ಟಿಲ ಮೇಲೆ ಅತ್ತೆ ಕೂತಿದ್ದರು. ಕೈಯಲ್ಲಿ ನರ್ಸಮ್ಮನ ಲೋಟ, ಅದರಲ್ಲಿ ಅರ್ಧ ಕುಡಿದ ಕಾಫಿ. ನನ್ನನ್ನು ಕಂಡದ್ದೇ ಲೋಟ ಹಿಡಿದುಕೊಂಡೇ ಎದ್ದು, ಇನ್ನೊಂದು ಕೈ ಬೀಸುತ್ತ ಬೀದಿಗೆ ಓಡಿ ಬಂದರು. ನಾನು ಬ್ರೇಕು ಒತ್ತಿದೆ.

"ಬಂದ್ ಮಾಡೋ ಮಾರಾಯ, ಆ ದರಿದ್ರದ್ದನ್ನ!" ಎಂದರು, ಕೂಗಲೂ ಆಗದೆ, ಸುಮ್ಮನಿರಲೂ ಆಗದೆ. "ಈಗಷ್ಟೇ ಅವ್ವ, ಕೂಸು ಇಬ್ರೂ ನಿದ್ದೆ ಮಾಡೋಕೆ ಹತ್ತಿದಾರೆ!"

ಬಂದ್ ಮಾಡಿದೆ. ಅಲ್ಲಿಂದ ಮನೆಯ ಬಾಗಿಲವರೆಗೂ ಅದನ್ನು ತಳ್ಳಿಕೊಂಡು ಹೋದೆ.